ಜಾನ್ ಕೆಂಪ್ ಸ್ಟಾರ್ಲಿ

ಜಾನ್ ಕೆಂಪ್ ಸ್ಟಾರ್ಲಿ (ನಿಧನ: ಅಕ್ಟೋಬರ್ 29, 1901) ಇಂಗ್ಲೆಂಡಿನ ಸೈಕಲ್ ತಯಾರಕರು ಮತ್ತು ಉದ್ಯಮಿ. ಇವರು 1885ರಲ್ಲಿ ಕಾವೆಂಟ್ರಿ ನಗರದಲ್ಲಿ ತಯಾರಿಸಿದ ರೋವರ್ ಸುರಕ್ಷಾ ಸೈಕಲ್ ಇಂದಿನ ಸೈಕಲ್ಲಿನ ನೇರ ಪೂರ್ವಜ ಎಂದು ಪರಿಗಣಿತವಾಗಿದೆ. ಅಲ್ಲಿಯವರೆಗೆ ಮುಂದಿನ ಚಕ್ರದ ಅಚ್ಚಿಗೆ ಅಂಟಿಕೊಂಡಿದ್ದ ಕ್ರ್ಯಾಂಕುಗಳು ಈ ಸೈಕಲ್ಲಿನಲ್ಲಿ ಸವಾರನ ಪಾದಗಳ ಕೆಳಗೆ, ಎರಡು ಚಕ್ರಗಳ ನಡುವೆ ಬಂದು, ಚೈನಿನ ಮೂಲಕ ಹಿಂದಿನ ಚಕ್ರವನ್ನು ತಿರುಗಿಸತೊಡಗಿದವು. ಈ ವ್ಯವಸ್ಥೆಯನ್ನು ಮೊದಲು ಯೋಚಿಸಿದವರು ಸ್ಟಾರ್ಲಿಯವರಲ್ಲ. ಅದನ್ನು ಜನ ಕೊಂಡು ಓಡಿಸುವ ವಾಹನವನ್ನಾಗಿ ಮಾಡಿ ಗೆದ್ದವರು ಅವರು. ಸೈಕಲ್ ಉದ್ಯಮದ ಮತ್ತೊಬ್ಬ ಪ್ರಸಿದ್ಧ ವ್ಯಕ್ತಿ ಜೇಮ್ಸ್ ಸ್ಟಾರ್ಲಿ ಇವರ ತಂದೆಯ ಸೋದರ. ಒಂದೇ ಮನೆತನದ ಈ ಇಬ್ಬರ ಕೆಲಸಗಳನ್ನು ಒಬ್ಬರದೆಂದು ತಿಳಿಯುವ ತಪ್ಪು ಆಗಾಗ ಕಂಡುಬರುತ್ತದೆ.

ಆರಂಭಿಕ ಜೀವನ

ಸ್ಟಾರ್ಲಿಯವರು 1850ರ ದಶಕದ ಮಧ್ಯಭಾಗದಲ್ಲಿ ಲಂಡನ್ ಸಮೀಪದ ವಾಲ್ತಮ್‌ಸ್ಟೋದಲ್ಲಿ ಜನಿಸಿದರು. ತಂದೆ ತೋಟಗಾರರಾಗಿದ್ದರು. 1872ರಲ್ಲಿ ಯುವಕ ಸ್ಟಾರ್ಲಿ ಕಾವೆಂಟ್ರಿಗೆ ಬಂದು ಜೇಮ್ಸ್ ಸ್ಟಾರ್ಲಿ ಹಾಗೂ ವಿಲಿಯಂ ಹಿಲ್‌ಮನ್ ಅವರ ಬಳಿ ಕೆಲಸಕ್ಕೆ ಸೇರಿದರು.

ರಿಬ್ಬನ್ ನೇಯ್ಗೆಗೆ ಮತ್ತು ಗಡಿಯಾರ ತಯಾರಿಕೆಗೆ ಹೆಸರಾಗಿದ್ದ ಕಾವೆಂಟ್ರಿಯಲ್ಲಿ 1860ರ ದಶಕದ ಹೊತ್ತಿಗೆ ನೇಯ್ಗೆ ಕುಸಿದು ಬಿದ್ದಿತ್ತು. ಲೋಹದ ಸೂಕ್ಷ್ಮ ಕೆಲಸ ಬಲ್ಲ ಕೈಗಳಿದ್ದವು, ಆದರೆ ಕೆಲಸದ ಕೊರತೆಯಿತ್ತು. ಅಲ್ಲಿನ ಹೊಲಿಗೆ ಯಂತ್ರದ ಕಾರ್ಖಾನೆಯೊಂದು 1869ರಲ್ಲಿ ಫ್ರಾನ್ಸಿನ ಬೇಡಿಕೆಗಾಗಿ ಪೆಡಲಿನ ವಾಹನಗಳನ್ನು ಮಾಡಲು ಕೈಹಾಕಿದ್ದೇ ಆ ಊರಿನ ಸೈಕಲ್ ಉದ್ಯಮದ ಆರಂಭ. ಜೇಮ್ಸ್ ಸ್ಟಾರ್ಲಿ ಅದೇ ಕಾರ್ಖಾನೆಯಲ್ಲಿದ್ದವರು. ಅವರು ಹಿಲ್‌ಮನ್ ಜೊತೆ ಸೇರಿ ರೂಪಿಸಿದ ಏರಿಯಲ್ ಎಂಬ ಎತ್ತರ ಚಕ್ರದ ಸೈಕಲ್ಲು ಆ ಕಾಲದ ಮಾದರಿಯಾಯಿತು. ಸೋದರನ ಮಗ ವೃತ್ತಿ ಕಲಿತದ್ದು ಇಂತಹ ಸೈಕಲ್ಲುಗಳ ನಡುವೆಯೇ.

ಎತ್ತರ ಚಕ್ರದ ತೊಡಕು

ಸ್ಟಾರ್ಲಿಯವರ ಕೆಲಸದ ಮಹತ್ವ ತಿಳಿಯಬೇಕಾದರೆ ಅಂದಿನ ಸೈಕಲ್ಲಿನಲ್ಲಿ ಕ್ರ್ಯಾಂಕ್ ಎಲ್ಲಿತ್ತು ಎಂಬುದನ್ನು ನೋಡಬೇಕು. ಪೆಡಲಿಗೂ ಅಚ್ಚಿಗೂ ನಡುವಿನ ಲೋಹದ ತೋಳೇ ಕ್ರ್ಯಾಂಕ್. ಎತ್ತರ ಚಕ್ರದ ಸೈಕಲ್ಲಿನಲ್ಲಿ ಇದನ್ನು ಮುಂದಿನ ಚಕ್ರದ ಅಚ್ಚಿಗೆ ನೇರವಾಗಿ ಬಿಗಿಯುತ್ತಿದ್ದರು. ಹೀಗಾಗಿ ಪೆಡಲ್ ಒಂದು ಸುತ್ತು ಬಂದರೆ ಚಕ್ರವೂ ಒಂದೇ ಸುತ್ತು. ಹೆಚ್ಚು ದೂರ ಸಾಗಬೇಕಾದರೆ ಚಕ್ರವನ್ನೇ ದೊಡ್ಡದು ಮಾಡಬೇಕು; ಎಷ್ಟು ದೊಡ್ಡದು ಎಂಬುದನ್ನು ಸವಾರನ ಕಾಲಿನ ಉದ್ದ ನಿರ್ಧರಿಸುತ್ತಿತ್ತು. ಸುಮಾರು 50ರಿಂದ 60 ಇಂಚು ವ್ಯಾಸದ ಚಕ್ರದ ಮೇಲೆ, ಬಹುಮಟ್ಟಿಗೆ ಅಚ್ಚಿನ ನೇರಕ್ಕೇ ಕುಳಿತ ಸವಾರ, ರಸ್ತೆಯಲ್ಲಿ ಕಲ್ಲೊಂದು ಅಡ್ಡ ಬಂದರೆ ತಲೆ ಮುಂದಾಗಿ ನೆಲಕ್ಕೆ ಬೀಳುತ್ತಿದ್ದ. ಚಾಲನೆ ಮತ್ತು ದಿಕ್ಕು ಬದಲಾವಣೆ ಎರಡೂ ಒಂದೇ ಚಕ್ರದ ಮೇಲಿದ್ದುದರಿಂದ ಪ್ರತಿ ತುಳಿತವೂ ಹ್ಯಾಂಡಲನ್ನು ಎಳೆಯುತ್ತಿತ್ತು. ವಯಸ್ಸಾದವರಿಗೆ, ಕುಳ್ಳಗಿನವರಿಗೆ, ಉದ್ದ ಉಡುಪಿನ ಮಹಿಳೆಯರಿಗೆ ಅದು ಎಟುಕದ ವಾಹನ.

ಕ್ರ್ಯಾಂಕನ್ನು ಚಕ್ರದಿಂದ ಬಿಡಿಸಿ ಚೌಕಟ್ಟಿನ ತಳದಲ್ಲಿ ಪ್ರತ್ಯೇಕ ಅಚ್ಚಿಗೆ ಕೂರಿಸಿದರೆ ಈ ಗಂಟು ಬಿಚ್ಚುತ್ತದೆ. ಇಂದು ಬಾಟಮ್ ಬ್ರಾಕೆಟ್ ಎಂದು ಕರೆಯುವ ಭಾಗ ಇದೇ: ಚೌಕಟ್ಟಿಗೆ ಸೇರಿದ ಕೊಳವೆ, ಅದರೊಳಗೆ ಬೇರಿಂಗುಗಳ ಮೇಲೆ ತಿರುಗುವ ಅಚ್ಚು, ಅಚ್ಚಿನ ಎರಡು ತುದಿಗಳಲ್ಲಿ ಪರಸ್ಪರ ವಿರುದ್ಧ ದಿಕ್ಕಿನ ಕ್ರ್ಯಾಂಕುಗಳು. ಬಲಗಡೆಯ ಹಲ್ಲುಚಕ್ರದಿಂದ ಚೈನು ಹಿಂದಿನ ಸಣ್ಣ ಹಲ್ಲುಚಕ್ರಕ್ಕೆ ಹೋಗುತ್ತದೆ. ಮುಂದೆ 40 ಹಲ್ಲು, ಹಿಂದೆ 20 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಚಕ್ರ ಎರಡು ಸುತ್ತು ತಿರುಗುತ್ತದೆ. ಆಗ 28 ಇಂಚಿನ ಚಕ್ರವು 56 ಇಂಚಿನ ಎತ್ತರ ಚಕ್ರದಷ್ಟೇ ದೂರ ಸಾಗುತ್ತದೆ. ಸೈಕಲ್ಲಿನ ಗೇರನ್ನು ಇಂದಿಗೂ ಕೆಲವರು ಇಂಚುಗಳಲ್ಲಿ ಹೇಳುವುದು ಆ ಹಳೆಯ ಚಕ್ರಗಳ ನೆನಪಿನಿಂದಲೇ.

ಉದ್ಯಮ ಮತ್ತು ಪೂರ್ವಪ್ರಯತ್ನಗಳು

1870ರ ದಶಕದ ಕೊನೆಯ ಭಾಗದಲ್ಲಿ ಸ್ಟಾರ್ಲಿಯವರು ಸೈಕಲ್ ಪ್ರಿಯರಾದ ವಿಲಿಯಂ ಸಟನ್ ಅವರೊಡನೆ ಪಾಲುದಾರಿಕೆಯಲ್ಲಿ ಸ್ಟಾರ್ಲಿ ಆ್ಯಂಡ್ ಸಟನ್ ಸಂಸ್ಥೆಯನ್ನು ಕಟ್ಟಿದರು. ಅವರ ಮೂರು ಚಕ್ರದ ಗಾಡಿಯೊಂದಕ್ಕೆ 1880ರ ದಶಕದ ಆರಂಭದಲ್ಲಿ ರೋವರ್ ಎಂಬ ಹೆಸರು ಬಂತು. ಊರೂರು ತಿರುಗುವವನು ಎಂಬುದು ಅದರ ಅರ್ಥ.

ಇತ್ತ ಬೇರೆಯವರೂ ಕ್ರ್ಯಾಂಕಿನ ಸ್ಥಾನವನ್ನು ಬದಲಿಸಲು ಯತ್ನಿಸುತ್ತಿದ್ದರು. ಹೆನ್ರಿ ಲಾಸನ್ 1879ರಲ್ಲಿ ಹಿಂದಿನ ಚಕ್ರಕ್ಕೆ ಚೈನು ಜೋಡಿಸಿದ ಸೈಕಲ್ಲಿಗೆ ಪೇಟೆಂಟ್ ಪಡೆದರು. ಮುಂದೆ ದೊಡ್ಡ ಚಕ್ರವನ್ನು ಉಳಿಸಿಕೊಂಡಿದ್ದ ಅದು ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. 1884ರ ಕಾಂಗರೂ ಸೈಕಲ್ಲು ಸ್ಟಾರ್ಲಿಯವರಿಗೆ ಹಿಂದೆ ಕೆಲಸ ಕೊಟ್ಟಿದ್ದ ಹಿಲ್‌ಮನ್ ಅವರ ಸಂಸ್ಥೆಯದು. ಅದರಲ್ಲಿ ಕ್ರ್ಯಾಂಕುಗಳು ಅಚ್ಚಿನಿಂದ ಕೆಳಗಿಳಿದಿದ್ದವು, ಆದರೆ ಎರಡು ಚೈನುಗಳು ತಿರುಗಿಸುತ್ತಿದ್ದುದು ಮುಂದಿನ ಚಕ್ರವನ್ನೇ. ಮ್ಯಾಂಚೆಸ್ಟರಿನ ಹಾನ್ಸ್ ರೆನಾಲ್ಡ್ 1880ರಲ್ಲಿ ಸುಧಾರಿತ ಉರುಳೆ ಚೈನಿಗೆ ಪೇಟೆಂಟ್ ಪಡೆದಿದ್ದರು. ಬೇಕಾದ ಸಾಮಗ್ರಿ ಬಹುಮಟ್ಟಿಗೆ ಸಿದ್ಧವಾಗಿತ್ತು.

ರೋವರ್ ಸುರಕ್ಷಾ ಸೈಕಲ್

1885ರ ಆರಂಭದಲ್ಲಿ ಲಂಡನ್ನಿನ ಸ್ಟ್ಯಾನ್ಲಿ ಪ್ರದರ್ಶನದಲ್ಲಿ ಸ್ಟಾರ್ಲಿಯವರ ಹೊಸ ಸೈಕಲ್ಲು ಜನರ ಮುಂದೆ ಬಂತು. ಮೊದಲ ಮಾದರಿ ದೋಷರಹಿತವಾಗಿರಲಿಲ್ಲ. 36 ಇಂಚಿನ ಮುಂದಿನ ಚಕ್ರ ಸವಾರನಿಂದ ದೂರವಿದ್ದುದರಿಂದ ಹ್ಯಾಂಡಲನ್ನು ಸರಳುಗಳ ಮೂಲಕ ಅದಕ್ಕೆ ಜೋಡಿಸಬೇಕಾಗಿತ್ತು. ಅದೇ ವರ್ಷ ಅವರು ಮುಂದಿನ ಕವಲನ್ನು ಹಿಂದಕ್ಕೆ ವಾಲಿಸಿ, ಹ್ಯಾಂಡಲನ್ನು ನೇರವಾಗಿ ಅದರ ತಲೆಗೆ ಕೂರಿಸಿದರು. ಎರಡೂ ಚಕ್ರಗಳ ಗಾತ್ರ ಬಹುಮಟ್ಟಿಗೆ ಸಮವಾಯಿತು. ಇಂದು ನೋಡಿದರೂ ಯಾರಾದರೂ ಅದನ್ನು ಸೈಕಲ್ಲೆಂದೇ ಗುರುತಿಸುವ ರೂಪ ಈ ಎರಡನೆಯ ಮಾದರಿಯದು. ಸೀಟಿನಿಂದ ಕ್ರ್ಯಾಂಕಿಗೆ ಇಳಿಯುವ ಕೊಳವೆ ಮಾತ್ರ ಇನ್ನೂ ಇರಲಿಲ್ಲ. ಅದು ಸೇರಿ ಚೌಕಟ್ಟು ವಜ್ರಾಕೃತಿಗೆ ತಲುಪಿದ್ದು ನಂತರದ ವರ್ಷಗಳಲ್ಲಿ.

ಗಿಡ್ಡ ಸೈಕಲ್ಲು ವೇಗವಾಗಿ ಓಡಲಾರದು ಎಂಬ ಸಂಶಯ ಸವಾರರಲ್ಲಿ ಬಲವಾಗಿತ್ತು. ಸಂಸ್ಥೆಯು 1885ರ ಸೆಪ್ಟೆಂಬರಿನಲ್ಲಿ ಗ್ರೇಟ್ ನಾರ್ತ್ ರಸ್ತೆಯಲ್ಲಿ 100 ಮೈಲಿಗಳ ಪಂದ್ಯವನ್ನು ಏರ್ಪಡಿಸಿತು. ರೋವರ್ ಸವಾರ ಜಾರ್ಜ್ ಸ್ಮಿತ್ ಸುಮಾರು ಏಳು ಗಂಟೆಗಳಲ್ಲಿ ಆ ದೂರವನ್ನು ಕ್ರಮಿಸಿದರು. ಅಲ್ಲಿಂದಾಚೆಗೆ ಸಂಶಯ ಕರಗತೊಡಗಿತು. ಉಳಿದಿದ್ದ ನಿಜವಾದ ಆಕ್ಷೇಪ ಕುಲುಕಾಟದ್ದು: ಗಟ್ಟಿ ರಬ್ಬರಿನ ಸಣ್ಣ ಚಕ್ರ ಒರಟು ರಸ್ತೆಯ ಪ್ರತಿ ಏಟನ್ನೂ ಮೇಲಕ್ಕೆ ಮುಟ್ಟಿಸುತ್ತಿತ್ತು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ ಮೇಲೆ ಅದೂ ನಿವಾರಣೆಯಾಗಿ, 1890ರ ದಶಕದಲ್ಲಿ ಎತ್ತರ ಚಕ್ರದ ಸೈಕಲ್ಲು ಮರೆಯಾಯಿತು.

ವಿನ್ಯಾಸದ ತರ್ಕ

1898ರಲ್ಲಿ ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಮುಂದೆ ಮಂಡಿಸಿದ ಪ್ರಬಂಧದಲ್ಲಿ ಸ್ಟಾರ್ಲಿಯವರು ತಮ್ಮ ವಿನ್ಯಾಸದ ಹಿಂದಿನ ಯೋಚನೆಯನ್ನು ವಿವರಿಸಿದರು. ಅವರು ಚಕ್ರದಿಂದ ಅಲ್ಲ, ಸವಾರನ ದೇಹದಿಂದ ಆರಂಭಿಸಿದ್ದರು. ಸವಾರ ನೆಲದಿಂದ ತಕ್ಕ ಎತ್ತರದಲ್ಲಿರಬೇಕು. ಗೇರನ್ನು ಬೇಕಾದಂತೆ ಬದಲಿಸಲು ಬರುವಂತೆ ಕ್ರ್ಯಾಂಕನ್ನು ಚಾಲಕ ಚಕ್ರಕ್ಕೆ ಜೋಡಿಸಬೇಕು. ಸೀಟು ಪೆಡಲಿಗೆ ಸರಿಯಾದ ಸ್ಥಾನದಲ್ಲಿದ್ದು ಮೇಲೆ ಕೆಳಗೆ, ಹಿಂದೆ ಮುಂದೆ ಸರಿಸಲು ಸಾಧ್ಯವಿರಬೇಕು. ಕಡಿಮೆ ಆಯಾಸದಲ್ಲಿ ಪೆಡಲಿನ ಮೇಲೆ ಹೆಚ್ಚು ಬಲ ಬೀಳುವಂತೆ ಹ್ಯಾಂಡಲ್ ಇರಬೇಕು ಎಂಬುದು ಅದರ ಸಾರ.

ಬಾಟಮ್ ಬ್ರಾಕೆಟ್ ಮತ್ತು ಕ್ರ್ಯಾಂಕ್ ಆರಿಸುವವರು ಇಂದು ಗಮನಿಸುವುದೂ ಬಹುತೇಕ ಇದೇ ಸಂಬಂಧಗಳನ್ನು. ಕ್ರ್ಯಾಂಕಿನ ಉದ್ದ ಕಾಲಿಗೆ ಹೊಂದಬೇಕು (170 ಮಿಲಿಮೀಟರ್ ಸಾಮಾನ್ಯ ಅಳತೆ), ಅಚ್ಚಿನ ಉದ್ದವು ಮುಂದಿನ ಮತ್ತು ಹಿಂದಿನ ಹಲ್ಲುಚಕ್ರಗಳನ್ನು ಒಂದೇ ನೇರದಲ್ಲಿ ನಿಲ್ಲಿಸುವಂತಿರಬೇಕು. ಇಂಗ್ಲಿಷ್ ಮಾದರಿಯ ಕೊಳವೆಯಲ್ಲಿ ಚೈನಿನ ಬದಿಯ ಮರೆ ಎಡಸುತ್ತಿನದು. ತುಳಿತದ ಬಲದಿಂದ ಆ ಬದಿಯ ಕಪ್ಪು ಸಡಿಲಾಗದಿರಲಿ ಎಂದು ಹೀಗೆ ಮಾಡಲಾಗಿದೆ. ಅದನ್ನರಿಯದೆ ಬಲವಂತವಾಗಿ ತಿರುಗಿಸಿದರೆ ಮರೆ ಹಾಳಾಗುತ್ತದೆ.

ಕೊನೆಯ ವರ್ಷಗಳು

1888ರಲ್ಲಿ ಸ್ಟಾರ್ಲಿಯವರು ಬ್ಯಾಟರಿಯಿಂದ ಓಡುವ ಮೂರು ಚಕ್ರದ ವಾಹನವೊಂದನ್ನು ನಿರ್ಮಿಸಿದರು. ಅದು ಮಾರಾಟಕ್ಕೆ ಬರಲಿಲ್ಲ. ಸಂಸ್ಥೆ 1889ರಲ್ಲಿ ಜೆ. ಕೆ. ಸ್ಟಾರ್ಲಿ ಆ್ಯಂಡ್ ಕಂಪನಿಯಾಗಿ, 1890ರ ದಶಕದ ಉತ್ತರಾರ್ಧದಲ್ಲಿ ರೋವರ್ ಸೈಕಲ್ ಕಂಪನಿಯಾಗಿ ಬದಲಾಯಿತು. ಅಕ್ಟೋಬರ್ 29, 1901ರಂದು ಸ್ಟಾರ್ಲಿಯವರು ಹಠಾತ್ತನೆ ನಿಧನರಾದರು; ಸಂಸ್ಥೆಯ ಹೊಣೆ ಹ್ಯಾರಿ ಸ್ಮಿತ್ ಅವರಿಗೆ ಬಂತು. ಮರುವರ್ಷ ಕಂಪನಿಯು ಮೋಟಾರ್ ಸೈಕಲ್, 1904ರಲ್ಲಿ ಕಾರು ತಯಾರಿಸಿತು. ರೋವರ್ ಹೆಸರನ್ನು ಇಂದು ಹೆಚ್ಚಿನವರು ಬಲ್ಲದ್ದು ಕಾರಿನಿಂದ.

ಸ್ಮರಣೆ

ಕಾವೆಂಟ್ರಿಯ ಗ್ರೇಫ್ರೈಯರ್ಸ್ ಗ್ರೀನ್‌ನಲ್ಲಿರುವ 1884ರ ಸ್ಟಾರ್ಲಿ ಸ್ಮಾರಕ ಜೇಮ್ಸ್ ಸ್ಟಾರ್ಲಿಯವರದು, ಜಾನ್ ಕೆಂಪ್ ಅವರದಲ್ಲ. ಅದು ನಿಂತಾಗ ಸುರಕ್ಷಾ ಸೈಕಲ್ಲು ಇನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. 1885ರ ರೋವರ್ ಸೈಕಲ್ಲೊಂದು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ. ಪೋಲಿಷ್ ಭಾಷೆಯಲ್ಲಿ ಸೈಕಲ್ಲಿಗೆ ಬಳಸುವ ರೋವೆರ್ ಎಂಬ ಸಾಮಾನ್ಯ ಪದವು ಸ್ಟಾರ್ಲಿಯವರ ಸೈಕಲ್ಲಿನ ಹೆಸರಿನಿಂದಲೇ ಬಂದದ್ದು.