ಬಂಡೆಯೆಂಬ ಹೆಸರು ಪಡೆದ ಸಂತ ಪೇತ್ರರು

ಸಂತ ಪೇತ್ರರನ್ನು ರಾಯಪ್ಪನವರೆಂದು ಕರೆಯುವ ವಾಡಿಕೆ ನಮ್ಮ ಹಿರಿಯರಲ್ಲಿತ್ತು. ತೆಲುಗಿನಲ್ಲಿ ರಾಯಿ ಎಂದರೆ ಕಲ್ಲು. ಆ ಮಹಾಪುರುಷರ ಬಾಳನ್ನು ಅವರ ಹೆಸರಿನ ಮೂಲಕವೇ ಸ್ಮರಿಸುವುದು ಈ ಶತಮಾನೋತ್ಸವ ಸಂದರ್ಭದಲ್ಲಿ ಉಚಿತವೆಂದು ಭಾವಿಸುತ್ತೇವೆ.

ಗಲಿಲೇಯ ಸೀಮೆಯ ಬೆತ್ಸಾಯಿದ ಊರಿನ ಸಿಮೋನರು ಯೋನನ ಪುತ್ರರು. ತಮ್ಮ ಸಹೋದರ ಅಂದ್ರೆಯರೊಡನೆ ಸರೋವರದಲ್ಲಿ ಬಲೆ ಬೀಸಿ ಜೀವಿಸಿದವರು. ಯೇಸುಸ್ವಾಮಿ ಅವರಿಗೆ ಅರಮಾಯ ಭಾಷೆಯಲ್ಲಿ ಕೇಫ, ಅಂದರೆ ಬಂಡೆ, ಎಂಬ ಹೊಸ ಹೆಸರನ್ನಿತ್ತರು. ಗ್ರೀಕ್ ಭಾಷೆಯಲ್ಲಿ ಬಂಡೆಗೆ ಪೆಟ್ರ ಎಂದು ಹೆಸರು. ಅದು ಸ್ತ್ರೀಲಿಂಗ ಪದವಾದುದರಿಂದ ಶುಭಸಂದೇಶದಲ್ಲಿ ಪೆಟ್ರೋಸ್ ಎಂಬ ಪುಲ್ಲಿಂಗ ರೂಪ ಬಂದಿತು. ಇಂಗ್ಲಿಷಿನ ಪೀಟರ್ ಮಾತ್ರವಲ್ಲ, ಬಂಡೆಯ ಎಣ್ಣೆಯೆಂಬ ಅರ್ಥದ ಪೆಟ್ರೋಲಿಯಂ, ಶಿಲಾಶಾಸ್ತ್ರವಾದ ಪೆಟ್ರಾಲಜಿ ಸಹ ಅದೇ ಬೇರಿನ ಚಿಗುರುಗಳು.

ಆದರೆ ಹೆಸರಿಗೂ ಸ್ವಭಾವಕ್ಕೂ ಆಗ ಹೊಂದಿಕೆಯಿರಲಿಲ್ಲ. ನೀರಿನ ಮೇಲೆ ನಡೆಯಹೊರಟು ಗಾಳಿಗೆ ಅಂಜಿ ಮುಳುಗತೊಡಗಿದರು. ಪ್ರಧಾನಯಾಜಕನ ಅಂಗಳದಲ್ಲಿ ದಾಸಿಯೊಬ್ಬಳ ಮಾತಿಗೂ ಬೆದರಿ, ಗುರುವನ್ನು ಮೂರು ಬಾರಿ ನಿರಾಕರಿಸಿದರು. ಕಲ್ಲಾಗುವುದು, ಭಯದಿಂದ ಮರಗಟ್ಟುವುದು ಎಂಬ ಎರಡು ಅರ್ಥಗಳುಳ್ಳ ಪೆಟ್ರಿಫೈ ಎಂಬ ಇಂಗ್ಲಿಷ್ ಪದವೂ ಪೆಟ್ರದಿಂದಲೇ ಹುಟ್ಟಿದೆ. ಅಂದು ಪೇತ್ರರು ಮರಗಟ್ಟಿದ್ದು ನಿಜ. ಅವರ ಹೃದಯ ಕಲ್ಲಾಗಲಿಲ್ಲ. ಕೋಳಿ ಕೂಗಿದೊಡನೆ ಹೊರಗೆ ಹೋಗಿ ಬಿಕ್ಕಿಬಿಕ್ಕಿ ಅತ್ತರು. ಪುನರುತ್ಥಾನರಾದ ಪ್ರಭು ತಮ್ಮ ಮಂದೆಯನ್ನು ಒಪ್ಪಿಸಿದ್ದು ಹೀಗೆ ಅತ್ತವರ ಕೈಗೆ.

ಪಂಚಾಶತ್ತಮ ದಿನದಂದು ಜೆರುಸಲೇಮಿನಲ್ಲಿ ಎದ್ದು ನಿಂತು ಸಾರಿದವರು ಅವರೇ. ಹೆರೋದನ ಸೆರೆಮನೆಯನ್ನು ಕಂಡರು, ಅಂತಿಯೋಕ್ಯದಲ್ಲಿ ಸೇವೆ ಸಲ್ಲಿಸಿದರು, ಕೊನೆಗೆ ರೋಮಿಗೆ ಬಂದರು. ಕ್ರಿ.ಶ. 64ರ ಮಹಾ ಅಗ್ನಿ ದುರಂತದ ಬಳಿಕ ನೀರೋ ಚಕ್ರವರ್ತಿ ನಡೆಸಿದ ಹಿಂಸೆಯಲ್ಲಿ ತಲೆಕೆಳಗಾಗಿ ಶಿಲುಬೆಗೇರಿ ರಕ್ತಸಾಕ್ಷಿಯಾದರೆಂಬುದು ಧರ್ಮಸಭೆಯ ಪರಂಪರೆ. ವ್ಯಾಟಿಕನ್ ಗುಡ್ಡದ ಮೇಲೆ 1626ರಲ್ಲಿ ಪ್ರತಿಷ್ಠಾಪನೆಗೊಂಡ ಮಹಾದೇವಾಲಯದ ಪೀಠವು ಅವರ ಸಮಾಧಿಯ ಮೇಲೆಯೇ ಇದೆಯೆಂದು ನಂಬಲಾಗಿದೆ.

ಗ್ರೀಕರಲ್ಲಿ ಕಲ್ಲಿಗೆ ಲಿಥೋಸ್ ಎಂಬ ಇನ್ನೊಂದು ಪದವೂ ಉಂಟು. ಏಕಶಿಲೆಗೆ ಇಂಗ್ಲಿಷಿನಲ್ಲಿ ಮಾನೊಲಿತ್, ಕಲ್ಲಚ್ಚಿಗೆ ಲಿಥೋಗ್ರಫಿ ಎಂಬ ಹೆಸರುಗಳು ಬಂದದ್ದು ಇದರಿಂದ. ಪೇತ್ರರ ಮೊದಲನೆಯ ಪತ್ರವು ವಿಶ್ವಾಸಿಗಳನ್ನು ಸಜೀವ ಕಲ್ಲುಗಳೆಂದು ಕರೆಯುವಾಗ ಬಳಸಿರುವುದು ಈ ಪದವನ್ನೇ. ಬಂಡೆಯೆಂಬ ಹೆಸರು ಪಡೆದವರು ಅದನ್ನು ತಮ್ಮೊಬ್ಬರದೇ ಹಿರಿಮೆಯೆಂದು ಬಗೆಯಲಿಲ್ಲ. ದುರ್ಬಲರಾದ ನಮಗೂ ಆ ಕಟ್ಟಡದಲ್ಲಿ ಸ್ಥಾನವಿತ್ತರು. ನೂರು ವರ್ಷಗಳಿಂದ ನಮ್ಮ ದೇವಾಲಯವನ್ನು ಎತ್ತಿ ಹಿಡಿದಿರುವುದು ಗೋಡೆಯ ಕಲ್ಲುಗಳಷ್ಟೇ ಅಲ್ಲ. ಎಡವಿ, ಅತ್ತು, ಮತ್ತೆ ಎದ್ದು ಬಂದ ಕುಟುಂಬಗಳು ಎಂಬುದನ್ನು ನಾವು ಮರೆಯದಿರೋಣ.