ಕಡಲಾಚೆಯ ವಿದ್ಯೆಯನ್ನು ಮನೆಗೆ ತಂದವರು: ಸರ್ ಸಯ್ಯಿದ್ ಅಹ್ಮದ್ ಖಾನ್



ನಿಮ್ಮಲ್ಲಿ ಹಲವರು ವಿದೇಶಕ್ಕೆ ಹೋಗಿ ಓದುವ ಕನಸು ಕಾಣುತ್ತಿದ್ದೀರಿ. ಪಾಸ್‌ಪೋರ್ಟ್, ವೀಸಾ, ಬ್ಯಾಂಕ್ ಸಾಲ, ಇಂಗ್ಲಿಷ್ ಪರೀಕ್ಷೆಯ ಅಂಕ ಎಂಬ ಮಾತುಗಳು ಈಗ ನಮ್ಮ ಮನೆಗಳಲ್ಲೂ ಕೇಳಿಬರುತ್ತಿವೆ. ವಿದೇಶಿ ವಿಶ್ವವಿದ್ಯಾನಿಲಯಗಳೂ ನಮ್ಮ ಬಾಗಿಲಿಗೆ ಬರತೊಡಗಿವೆ. ಅವು ಭಾರತದಲ್ಲಿ ಕ್ಯಾಂಪಸ್ ತೆರೆಯಲು 2023ರಲ್ಲಿ ಯುಜಿಸಿ ನಿಯಮಗಳನ್ನು ರೂಪಿಸಿತು. ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾನಿಲಯಕ್ಕೆ ಬೆಂಗಳೂರಿನಲ್ಲಿ ಕ್ಯಾಂಪಸ್ ಆರಂಭಿಸಲು 2025ರಲ್ಲಿ ಅನುಮತಿ ಪತ್ರ ಸಿಕ್ಕಿತು.

ಇದು ಸಂತೋಷದ ವಿಷಯ. ಆದರೆ ಈ ಸಂಪರ್ಕದಿಂದ ನಾವು ಪಡೆಯುವುದೇನು, ಕೊಡುವುದೇನು ಎಂಬ ಪ್ರಶ್ನೆಯನ್ನು ನೀವು ಎಂದಾದರೂ ಕೇಳಿಕೊಂಡಿದ್ದೀರಾ? ಒಂದೂವರೆ ಶತಮಾನದ ಹಿಂದೆ ಒಬ್ಬರು ಈ ಪ್ರಶ್ನೆಯನ್ನು ಹೊತ್ತು ಹಡಗು ಹತ್ತಿದ್ದರು. ಅವರ ಬಾಳನ್ನು ಒಮ್ಮೆ ನೋಡೋಣ ಬನ್ನಿ.

ಸಯ್ಯಿದ್ ಅಹ್ಮದ್ ಖಾನ್ ಜನಿಸಿದ್ದು 1817ರ ಅಕ್ಟೋಬರ್ 17ರಂದು, ದೆಹಲಿಯಲ್ಲಿ. ಮೊಗಲ್ ಆಸ್ಥಾನದೊಂದಿಗೆ ನಂಟಿದ್ದ ಮನೆತನ ಅದು. ತಾಯಿಯ ತಂದೆ ಖ್ವಾಜಾ ಫರೀದುದ್ದೀನ್ ಗಣಿತದಲ್ಲಿ ಪಂಡಿತರು. ಮಗನ ನಡೆನುಡಿಯನ್ನು ತಿದ್ದಿ ಬೆಳೆಸಿದವರು ತಾಯಿ ಅಝೀಝುನ್ನಿಸಾ ಬೇಗಂ. ಮನೆಯಲ್ಲಿ ಕುರ್‌ಆನ್, ಪಾರ್ಸಿ, ಅರಬಿ, ಗಣಿತ ಕಲಿತ ಈ ಹುಡುಗ ಇಂಗ್ಲಿಷ್ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಮುಂದೆಯೂ ಅವರ ಇಂಗ್ಲಿಷ್ ಅಷ್ಟಕ್ಕಷ್ಟೆ ಆಗಿತ್ತು. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ಏಕೆಂದರೆ ಕೇಂಬ್ರಿಡ್ಜ್‌ಗೂ ಅಲಿಗಢಕ್ಕೂ ಸೇತುವೆ ಕಟ್ಟಿದವರು ಇವರೇ.

1838ರಲ್ಲಿ ತಂದೆ ತೀರಿಕೊಂಡರು. ಸಯ್ಯಿದ್ ಅಹ್ಮದ್ ಈಸ್ಟ್ ಇಂಡಿಯಾ ಕಂಪೆನಿಯ ನ್ಯಾಯಾಲಯದಲ್ಲಿ ಕೆಲಸಕ್ಕೆ ಸೇರಿದರು, ಮುಂದೆ ಮುನ್ಸೀಫರಾದರು. ಬಿಡುವಿನಲ್ಲಿ ದೆಹಲಿಯ ಹಳೆಯ ಕಟ್ಟಡಗಳ ಅಳತೆ ತೆಗೆಯುತ್ತಿದ್ದರು, ಶಾಸನಗಳನ್ನು ನಕಲು ಮಾಡಿಕೊಳ್ಳುತ್ತಿದ್ದರು. ಕುತುಬ್ ಮಿನಾರಿನ ಎತ್ತರದ ಬರಹಗಳನ್ನು ಓದಲು ಬುಟ್ಟಿಯೊಂದನ್ನು ಮೇಲಿನಿಂದ ತೂಗುಬಿಡಿಸಿ ಅದರಲ್ಲಿ ಕುಳಿತುಕೊಳ್ಳುತ್ತಿದ್ದರಂತೆ! ಈ ಶ್ರಮದ ಫಲವಾದ 'ಆಸಾರುಸ್ಸನಾದೀದ್' ಗ್ರಂಥ 1847ರಲ್ಲಿ ಹೊರಬಂತು. ಫ್ರಾನ್ಸಿನ ವಿದ್ವಾಂಸ ಗಾರ್ಸಾಂ ದ ತಾಸಿ ಅದನ್ನು ಫ್ರೆಂಚ್ ಭಾಷೆಗೆ ಅನುವಾದಿಸಿದರು. 1864ರಲ್ಲಿ ಲಂಡನ್ನಿನ ರಾಯಲ್ ಏಷ್ಯಾಟಿಕ್ ಸೊಸೈಟಿ ಸಯ್ಯಿದ್ ಅಹ್ಮದರನ್ನು ಗೌರವ ಸದಸ್ಯರನ್ನಾಗಿ ಮಾಡಿಕೊಂಡಿತು. ಗಮನಿಸಿ, ಅವರು ಯುರೋಪಿಗೆ ಹೋಗುವ ಮೊದಲೇ ಅವರ ವಿದ್ಯೆ ಯುರೋಪನ್ನು ತಲುಪಿತ್ತು. ತನ್ನ ಊರಿನ ಬಗ್ಗೆ ಆಳವಾಗಿ ತಿಳಿದವನನ್ನು ಹೊರಗಿನವರೂ ಹುಡುಕಿಕೊಂಡು ಬರುತ್ತಾರೆ.

1857ರ ದಂಗೆ ಅವರ ಬದುಕನ್ನೇ ಬದಲಿಸಿತು. ಆಗ ಬಿಜ್ನೋರ್‌ನಲ್ಲಿದ್ದ ಅವರು ಅಲ್ಲಿನ ಇಂಗ್ಲಿಷ್ ಕುಟುಂಬಗಳ ಪ್ರಾಣ ಉಳಿಸಿದರು. ಆದರೆ ದೆಹಲಿಯಲ್ಲಿ ಅವರ ಬಂಧುಗಳೇ ಹತರಾದರು. ಕಷ್ಟಕ್ಕೆ ಸಿಲುಕಿ ಬಳಲಿದ ತಾಯಿ ಅದೇ ವರ್ಷ ಮೀರತ್‌ನಲ್ಲಿ ಕೊನೆಯುಸಿರೆಳೆದರು. ತಲೆಮಾರುಗಳಿಂದ ಬಾಳಿದ ನಗರ ಹಾಳಾಗಿತ್ತು, ಸಮುದಾಯ ಕಂಗೆಟ್ಟಿತ್ತು. ಸಮುದಾಯವನ್ನು ಮತ್ತೆ ಮೇಲೆತ್ತುವ ದಾರಿ ಶಿಕ್ಷಣವೊಂದೇ ಎಂಬ ನಿರ್ಧಾರಕ್ಕೆ ಅವರು ಬಂದರು. ಮುರಾದಾಬಾದ್ ಮತ್ತು ಗಾಝೀಪುರಗಳಲ್ಲಿ ಶಾಲೆಗಳನ್ನು ತೆರೆದರು. 1864ರಲ್ಲಿ ಗಾಝೀಪುರದಲ್ಲಿ ಸೈಂಟಿಫಿಕ್ ಸೊಸೈಟಿ ಹುಟ್ಟಿತು. ಅವರಿಗೆ ಅಲಿಗಢಕ್ಕೆ ವರ್ಗವಾದಾಗ ಸೊಸೈಟಿಯೂ ಅಲ್ಲಿಗೆ ಹೋಯಿತು. ಇಂಗ್ಲಿಷಿನ ಉತ್ತಮ ಗ್ರಂಥಗಳನ್ನು ಜನರ ಭಾಷೆಯಾದ ಉರ್ದುವಿಗೆ ತರುವುದು ಅದರ ಕೆಲಸವಾಗಿತ್ತು.

ಅನುವಾದವೊಂದರಿಂದಲೇ ಕೆಲಸವಾಗದು, ಆ ವಿದ್ಯೆ ಬೆಳೆದ ಮನೆಯನ್ನು ಕಣ್ಣಾರೆ ಕಾಣಬೇಕು ಎಂದು ಅವರಿಗೆ ಅನಿಸಿತು. ಮಗ ಸಯ್ಯಿದ್ ಮಹ್ಮೂದ್‌ಗೆ ಇಂಗ್ಲೆಂಡಿನಲ್ಲಿ ಓದಲು ಸರಕಾರದ ವಿದ್ಯಾರ್ಥಿವೇತನ ದೊರೆತದ್ದು ಒಳ್ಳೆಯ ನೆಪವಾಯಿತು. ತಮ್ಮ ಖರ್ಚಿಗಾಗಿ ಸಯ್ಯಿದ್ ಅಹ್ಮದ್ ಮನೆಯನ್ನು ಅಡವಿಟ್ಟರು, ಪ್ರೀತಿಯ ಪುಸ್ತಕಗಳನ್ನು ಮಾರಿದರು. 1869ರ ಎಪ್ರಿಲ್‌ನಲ್ಲಿ ಇಬ್ಬರು ಗಂಡುಮಕ್ಕಳೊಂದಿಗೆ ಮುಂಬಯಿಯಲ್ಲಿ ಹಡಗು ಹತ್ತಿದಾಗ ಅವರಿಗೆ 51 ವರ್ಷ. ಆ ವಯಸ್ಸಿನಲ್ಲಿ ಕಲಿಯಲು ಹೊರಟವರನ್ನು ಕಂಡು ನಮಗೆ ನಾಚಿಕೆಯಾಗಬೇಕಲ್ಲವೇ?

ಲಂಡನ್ನಿನಲ್ಲಿ ಅವರು ಎರಡು ಕೆಲಸ ಮಾಡಿದರು. ಸರ್ ವಿಲಿಯಂ ಮ್ಯೂರ್ ಬರೆದ ಪ್ರವಾದಿ(ಸ)ಯವರ ಜೀವನ ಚರಿತ್ರೆಯಲ್ಲಿದ್ದ ಆಕ್ಷೇಪಗಳು ಅವರ ಮನಸ್ಸನ್ನು ನೋಯಿಸಿದ್ದವು. ಕೂಗಾಡುವುದರಿಂದ ಉತ್ತರ ಕೊಟ್ಟಂತಾಗದು ಎಂದರಿತ ಅವರು ಅಲ್ಲಿನ ಗ್ರಂಥಾಲಯಗಳಲ್ಲಿ ಕುಳಿತು ಆಧಾರಗಳನ್ನು ಸಂಗ್ರಹಿಸಿದರು. ಉರ್ದುವಿನಲ್ಲಿ ಬರೆದುದನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿ, ಸಾಲ ಮಾಡಿ 1870ರಲ್ಲಿ ಲಂಡನ್ನಿನಲ್ಲೇ ಅಚ್ಚು ಹಾಕಿಸಿದರು. ವಿದ್ವತ್ತಿಗೆ ವಿದ್ವತ್ತಿನಿಂದಲೇ ಉತ್ತರ! ಇಂದಿನ ಯುವಕರು ಕಲಿಯಬೇಕಾದ ಪಾಠವಿದು.

ಎರಡನೆಯದು, ಕೇಂಬ್ರಿಡ್ಜ್‌ನ ಅಧ್ಯಯನ. ಅಲ್ಲಿ ಅವರ ಮನಸೆಳೆದದ್ದು ಕಟ್ಟಡಗಳ ಅಂದವಲ್ಲ. ವಿದ್ಯಾರ್ಥಿಗಳು ಒಂದೇ ಆವರಣದಲ್ಲಿ ವಾಸಿಸುವುದು, ಒಟ್ಟಿಗೆ ಉಣ್ಣುವುದು, ಆಡುವುದು, ಚರ್ಚೆ ಮಾಡುವುದು, ಗುರುಗಳ ಒಡನಾಟದಲ್ಲಿ ಬೆಳೆಯುವುದು ಅವರಿಗೆ ಹಿಡಿಸಿತು. ಪರೀಕ್ಷೆ ಪಾಸು ಮಾಡಿಸುವುದು ಶಿಕ್ಷಣದ ಒಂದು ಭಾಗ, ಮನುಷ್ಯನನ್ನು ರೂಪಿಸುವುದು ಅದರ ಜೀವ ಎಂಬ ಅರಿವಿನೊಂದಿಗೆ ಅವರು 1870ರ ಅಕ್ಟೋಬರ್‌ನಲ್ಲಿ ತಾಯ್ನಾಡಿಗೆ ಮರಳಿದರು. ಡಿಸೆಂಬರ್‌ನಲ್ಲಿ 'ತಹ್‌ಝೀಬುಲ್ ಅಖ್ಲಾಕ್' ಪತ್ರಿಕೆ ಹೊರತಂದರು.

ವಿರೋಧ ಬಿರುಗಾಳಿಯಂತೆ ಬಂತು. ಅವರ ಧಾರ್ಮಿಕ ಅಭಿಪ್ರಾಯಗಳನ್ನು ಹಲವು ಉಲಮಾಗಳು ಒಪ್ಪಲಿಲ್ಲ. ಅವರನ್ನು ಕಾಫಿರ್ ಎಂದು ಸಾರುವ ಫತ್ವಾಗಳು ಹೊರಟವು, ಮಕ್ಕಾದಿಂದಲೂ ಫತ್ವಾ ತರಿಸಲಾಯಿತು. ಅವರು ಜಗಳಕ್ಕೆ ನಿಲ್ಲದೆ ಚಂದಾ ಎತ್ತುತ್ತಾ ಹೋದರು. ಕಾಲೇಜಿನ ಹಣಕ್ಕಾಗಿ ಲಾಟರಿ ನಡೆಸಿದರು, ವೇದಿಕೆ ಹತ್ತಿ ಕಾರ್ಯಕ್ರಮ ಕೊಟ್ಟರು. ರಾಜಾ ಜೈಕಿಶನ್ ದಾಸ್ ಅವರಂತಹ ಹಿಂದೂ ಮಿತ್ರರು ಬೆನ್ನಿಗೆ ನಿಂತರು, ಪಟಿಯಾಲಾದ ಮಹಾರಾಜರು ದೇಣಿಗೆ ನೀಡಿದರು. 1875ರ ಮೇ 24ರಂದು ಅಲಿಗಢದಲ್ಲಿ ಶಾಲೆ ಆರಂಭವಾಯಿತು. 1877ರ ಜನವರಿ 8ರಂದು ಮುಹಮ್ಮಡನ್ ಆಂಗ್ಲೋ ಓರಿಯಂಟಲ್ ಕಾಲೇಜಿಗೆ ವೈಸ್‌ರಾಯ್ ಲಾರ್ಡ್ ಲಿಟ್ಟನ್ ಶಿಲಾನ್ಯಾಸ ಮಾಡಿದರು. ಆ ಕಾಲೇಜಿನ ಮೊದಲ ಪದವೀಧರ ಈಶ್ವರಿ ಪ್ರಸಾದ್ ಎಂಬುದನ್ನೂ ಮರೆಯಬೇಡಿ.

ಕೇಂಬ್ರಿಡ್ಜ್‌ನಿಂದ ತಂದದ್ದನ್ನು ಅವರು ಕಣ್ಣುಮುಚ್ಚಿ ನಕಲು ಮಾಡಲಿಲ್ಲ. ಹಾಸ್ಟೆಲ್, ಚರ್ಚಾಕೂಟ, ಕ್ರಿಕೆಟ್ ಇಂಗ್ಲೆಂಡಿನಿಂದ ಬಂದವು. ವಿದ್ಯಾರ್ಥಿಗಳು ತೊಟ್ಟ ಕೋಟು ಮತ್ತು ಟೋಪಿ ತುರ್ಕಿಯ ಮಾದರಿಯವು. ದಿನದ ವೇಳಾಪಟ್ಟಿಯಲ್ಲಿ ನಮಾಝ್ ಇತ್ತು. ಶಿಯಾ ಮತ್ತು ಸುನ್ನಿ ವಿದ್ಯಾರ್ಥಿಗಳಿಗೆ ಅವರವರ ಧಾರ್ಮಿಕ ಪಾಠವಿತ್ತು.

ವಿದ್ಯೆ ಎರಡೂ ಕಡೆಗೆ ಹರಿಯಿತು ಎಂಬುದು ಎಲ್ಲಕ್ಕಿಂತ ಮುಖ್ಯ. 1883ರಲ್ಲಿ ಕೇಂಬ್ರಿಡ್ಜ್‌ನಿಂದ ಥಿಯೋಡೋರ್ ಬೆಕ್ ಪ್ರಾಂಶುಪಾಲರಾಗಿ ಬಂದರು. ಅದೇ ವರ್ಷ ಅಝಂಗಢದ ಶಿಬ್ಲಿ ನುಅಮಾನಿ ಅಧ್ಯಾಪಕರಾಗಿ ಸೇರಿದರು. 1888ರಲ್ಲಿ ಥಾಮಸ್ ಅರ್ನಾಲ್ಡ್ ಬಂದರು. ಅರ್ನಾಲ್ಡರು ಶಿಬ್ಲಿಯವರಿಂದ ಅರಬಿ ಕಲಿತರೆ, ಶಿಬ್ಲಿಯವರು ಅರ್ನಾಲ್ಡರಿಂದ ಫ್ರೆಂಚ್ ಕಲಿತರು. ಇಲ್ಲಿ ಯಾರು ಗುರು, ಯಾರು ಶಿಷ್ಯ?

1892ರಲ್ಲಿ ಇಬ್ಬರೂ ಒಂದೇ ಹಡಗಿನಲ್ಲಿ ಹೊರಟರು. ಅರ್ನಾಲ್ಡರು ಇಂಗ್ಲೆಂಡಿಗೆ, ಶಿಬ್ಲಿಯವರು ಇಸ್ತಾಂಬುಲ್, ಸಿರಿಯಾ, ಈಜಿಪ್ಟ್‌ಗಳ ಗ್ರಂಥಾಲಯಗಳಿಗೆ. ನಡುಗಡಲಲ್ಲಿ ಹಡಗಿನ ಇಂಜಿನ್ ಕೆಟ್ಟುನಿಂತಿತು. ಗಾಬರಿಯಿಂದ ಓಡಿಬಂದ ಶಿಬ್ಲಿಯವರಿಗೆ ಕಂಡದ್ದು ನೆಮ್ಮದಿಯಿಂದ ಪುಸ್ತಕ ಓದುತ್ತಿದ್ದ ಅರ್ನಾಲ್ಡರು. ಹಡಗು ಮುಳುಗುವುದೇ ಆದರೆ ಉಳಿದಿರುವ ಈ ಸ್ವಲ್ಪ ಸಮಯ ಇನ್ನೂ ಅಮೂಲ್ಯವಲ್ಲವೇ ಎಂಬುದು ಅವರ ಉತ್ತರವಾಗಿತ್ತು. ಶಿಬ್ಲಿಯವರು ಈ ಘಟನೆಯನ್ನು ತಮ್ಮ ಪ್ರವಾಸಕಥನದಲ್ಲಿ ದಾಖಲಿಸಿದ್ದಾರೆ. ಇಸ್ಲಾಮ್ ಖಡ್ಗದಿಂದಲ್ಲ, ಬೋಧನೆಯಿಂದ ಹರಡಿತು ಎಂದು ಆಧಾರಸಹಿತ ತೋರಿಸುವ ಅರ್ನಾಲ್ಡರ ಗ್ರಂಥ 1896ರಲ್ಲಿ ಪ್ರಕಟವಾಯಿತು. ಆ ಗ್ರಂಥ ರೂಪುಗೊಂಡದ್ದು ಅಲಿಗಢದ ದಿನಗಳಲ್ಲಿ. ಮುಂದೆ ಅರ್ನಾಲ್ಡರು ಲಾಹೋರ್‌ಗೆ ಹೋದಾಗ ಅವರ ಶಿಷ್ಯರಾದವರು ಮುಹಮ್ಮದ್ ಇಕ್ಬಾಲ್. ಇಕ್ಬಾಲರು ಕೇಂಬ್ರಿಡ್ಜ್ ಮತ್ತು ಮ್ಯೂನಿಕ್‌ಗಳಿಗೆ ಹೋಗಿ ಓದಿದರು. ಅಲಿಗಢದ ವಿದ್ಯಾರ್ಥಿ ಝಿಯಾವುದ್ದೀನ್ ಅಹ್ಮದ್ ಕೇಂಬ್ರಿಡ್ಜ್ ಮತ್ತು ಜರ್ಮನಿಯ ಗಾಟಿಂಗೆನ್‌ಗಳಲ್ಲಿ ಗಣಿತ ಓದಿ, ಮರಳಿ ಬಂದು ಅಲಿಗಢದ ಉಪಕುಲಪತಿಯಾದರು.

ಸಯ್ಯಿದರ ನಡೆಯಲ್ಲಿ ಕೊರತೆಗಳಿರಲಿಲ್ಲವೆಂದಲ್ಲ. ಬ್ರಿಟಿಷ್ ಸರಕಾರದ ಮೇಲೆ ಅವರಿಟ್ಟ ಭರವಸೆ ಅತಿಯಾಯಿತು ಎಂಬ ಟೀಕೆ ಅಂದೂ ಇತ್ತು, ಇಂದೂ ಇದೆ. ಕಾಂಗ್ರೆಸ್ಸಿನಿಂದ ದೂರವಿರಿ ಎಂದು ಅವರು ಮುಸ್ಲಿಮರಿಗೆ ಹೇಳಿದರು. ಹೆಣ್ಣುಮಕ್ಕಳ ಶಾಲೆಯನ್ನು ಅವರು ಮುಂದಿನವರಿಗೆ ಬಿಟ್ಟರು. ಅಲಿಗಢದಲ್ಲಿ ಆ ಶಾಲೆ ಆರಂಭವಾದದ್ದು 1906ರಲ್ಲಿ, ಶೇಖ್ ಅಬ್ದುಲ್ಲಾ ಮತ್ತು ಅವರ ಪತ್ನಿಯ ಶ್ರಮದಿಂದ. ದೊಡ್ಡವರ ಸಾಧನೆಯನ್ನು ಗೌರವಿಸುವಾಗ ಅವರು ಬಿಟ್ಟುಹೋದ ಕೆಲಸವನ್ನೂ ಗುರುತಿಸಬೇಕು.

1898ರ ಮಾರ್ಚ್ 27ರಂದು ಸರ್ ಸಯ್ಯಿದ್ ಅಲ್ಲಾಹನ ಕರೆಗೆ ಓಗೊಟ್ಟರು. ಕಾಲೇಜಿನ ಮಸೀದಿಯ ಪಕ್ಕದಲ್ಲೇ ಅವರ ದಫನವಾಯಿತು. ಕಾಲೇಜು ವಿಶ್ವವಿದ್ಯಾನಿಲಯವಾಗಬೇಕೆಂಬ ಅವರ ಮತ್ತು ಮಗ ಮಹ್ಮೂದರ ಕನಸು 1920ರಲ್ಲಿ ಅಲಿಗಢ ಮುಸ್ಲಿಮ್ ವಿಶ್ವವಿದ್ಯಾನಿಲಯದ ರೂಪದಲ್ಲಿ ನನಸಾಯಿತು. ಕೇಂಬ್ರಿಡ್ಜನ್ನು ನೋಡಿ ಕಲಿತು ಕಟ್ಟಿದ ಆ ಸಂಸ್ಥೆಗೆ ಮುಂದೆ ಏಷ್ಯಾ, ಆಫ್ರಿಕಾಗಳ ಹಲವು ದೇಶಗಳ ವಿದ್ಯಾರ್ಥಿಗಳು ಕಲಿಯಲು ಬಂದರು.

ಈಗ ಮೊದಲ ಪ್ರಶ್ನೆಗೆ ಬರೋಣ. ವಿದೇಶದ ಹೆಸರಿರುವ ಫಲಕ ತೂಗುಹಾಕಿದ ಮಾತ್ರಕ್ಕೆ ಒಂದು ವಿದ್ಯಾಸಂಸ್ಥೆ ಜಗತ್ತಿನೊಂದಿಗೆ ಬೆಸೆದುಕೊಳ್ಳುವುದಿಲ್ಲ. ಶುಲ್ಕ ಇಲ್ಲಿಂದ ಹೋಗಿ ಪದವಿ ಅಲ್ಲಿಂದ ಬಂದರೆ ಅದು ವ್ಯಾಪಾರ. ಅಲ್ಲಿಯ ಅರ್ನಾಲ್ಡ್ ಇಲ್ಲಿಯ ಶಿಬ್ಲಿಯ ಮುಂದೆ ಕುಳಿತು ಕಲಿಯುವಂತಾದರೆ ಅದು ವಿದ್ಯೆಯ ಸಂಬಂಧ. ಅದಕ್ಕಾಗಿ ನಮ್ಮಲ್ಲೂ ಶಿಬ್ಲಿಯಂಥವರು ಇರಬೇಕು. ನಮ್ಮ ಭಾಷೆ, ಚರಿತ್ರೆ, ಧರ್ಮಗಳ ಆಳ ತಿಳಿದಿರಬೇಕು. ಬರಿಗೈಯಲ್ಲಿ ಹೋದವನಿಗೆ ಪಡೆಯಲಷ್ಟೇ ಸಾಧ್ಯ, ಕೊಡಲು ಅವನಲ್ಲಿ ಏನೂ ಇರುವುದಿಲ್ಲ.

ಸಹೋದರ ಸಹೋದರಿಯರೇ, ನಾಳೆ ನೀವು ಸಾಲ ಮಾಡಿಯೋ ವಿದ್ಯಾರ್ಥಿವೇತನ ಪಡೆದೋ ವಿಮಾನ ಹತ್ತುವಿರಿ. ಹೋಗಿ, ಕಲಿಯಿರಿ, ನಿಮ್ಮಲ್ಲಿರುವುದನ್ನು ಅವರಿಗೂ ಕಲಿಸಿರಿ. ಅಲ್ಲೇ ನೆಲೆಸಿದರೂ ಸರಿ, ನಿಮ್ಮ ಊರಿನ ಶಾಲೆಗೆ ಒಂದು ಪುಸ್ತಕದ ಕಪಾಟು, ಒಬ್ಬ ಬಡ ವಿದ್ಯಾರ್ಥಿಯ ಶುಲ್ಕ, ರಜೆಯಲ್ಲಿ ಬಂದಾಗ ನಾಲ್ಕು ಪಾಠ, ಇವಿಷ್ಟಾದರೂ ನಿಮ್ಮಿಂದ ಮರಳಿ ಬರಲಿ. 51ರ ವಯಸ್ಸಿನಲ್ಲಿ ಮನೆ ಅಡವಿಟ್ಟು ಹಡಗು ಹತ್ತಿದ ಆ ಹಿರಿಯರು ಮರಳುವಾಗ ಒಂದು ಕಾಲೇಜಿನ ನಕ್ಷೆಯನ್ನೇ ಮನಸ್ಸಿನಲ್ಲಿ ಹೊತ್ತು ತಂದಿದ್ದರು. ನೀವು ಏನು ತರುವಿರಿ?