ರೂವಾರಿ ಮಲ್ಲಿತಮ್ಮನ ಬಾಳುವೆ

ಹೊಯ್ಸಳ ಶಿಲ್ಪಿ ಎಂದೊಡನೆ ಕನ್ನಡಿಗರ ನಾಲಗೆಗೆ ಮೊದಲು ಬರುವ ಹೆಸರು ಜಕಣಾಚಾರಿಯದು. ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆಯನ್ನು ಕೇಳದೆ ಬೆಳೆದ ಮಕ್ಕಳು ನಮ್ಮಲ್ಲಿ ವಿರಳ; 1964ರಲ್ಲಿ ತೆರೆಗೆ ಬಂದ ಚಲನಚಿತ್ರವಂತೂ ಅದನ್ನು ಮನೆಮನೆಗೆ ಮುಟ್ಟಿಸಿತು. ಆ ಕಥೆಯ ಸೊಗಸನ್ನು ನಾನು ಅಲ್ಲಗಳೆಯಲಾರೆ. ಆದರೆ ಅದರಲ್ಲಿ ಶಿಲ್ಪಿ ಮಾಡುವುದಕ್ಕಿಂತ ಶಿಲ್ಪಿಗೆ ಒದಗುವುದೇ ಹೆಚ್ಚು. ವಿಧಿ ಅವನನ್ನು ಮನೆಯಿಂದ ಎಬ್ಬಿಸುತ್ತದೆ, ಊರೂರು ಅಲೆಸುತ್ತದೆ, ಗುರುತರಿಯದ ಮಗನೊಡನೆ ಪಂಥಕ್ಕೆ ನಿಲ್ಲಿಸುತ್ತದೆ, ಕಲ್ಲೊಳಗಿನ ಕಪ್ಪೆಯಿಂದ ಸೋಲಿಸುತ್ತದೆ, ಕಡೆಗೆ ಕೈದಾಳದಲ್ಲಿ ಕಳೆದ ಕೈಯನ್ನು ಮರಳಿ ಕೊಡುತ್ತದೆ. ಜನತೆಗೆ ಇಂಥ ಬಾಳು ಪ್ರಿಯವಾದದ್ದು ಸಹಜವೇ.

ನಾನಿಲ್ಲಿ ಹೇಳಹೊರಟಿರುವುದು ಇನ್ನೊಬ್ಬನ ವಿಚಾರ. ಹೊಯ್ಸಳ ಕಲೆಯ ಅಭ್ಯಾಸಿಗಳಿಗೆಲ್ಲ ಚಿರಪರಿಚಿತನಾದ ರೂವಾರಿ ಮಲ್ಲಿತಮ್ಮನಿಗೆ ಕಥೆಯಿಲ್ಲ. ಅವನಿಗಿರುವುದು ಕೆಲಸ, ಮತ್ತು ಕೆಲಸದ ಕೆಳಗೆ ಕೊರೆದ ಹೆಸರು. ಅರಸೀಕೆರೆಯ ಸೀಮೆಗೆ ಸೇರಿದ ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯದ ಗೋಡೆಯ ಮೇಲೆ ಆ ಹೆಸರಿದೆ, ನುಗ್ಗೇಹಳ್ಳಿಯಲ್ಲಿದೆ, ಸೋಮನಾಥಪುರದಲ್ಲಿ ಹೇರಳವಾಗಿದೆ. ಪೀಠದ ಅಂಚಿನ ಈ ಪುಟ್ಟ ಅಕ್ಷರಗಳನ್ನು ಒಂದಕ್ಕೊಂದು ಜೋಡಿಸಿದರೆ ಒಂದು ಜೀವನ ಚರಿತ್ರೆಯಾಗುತ್ತದೆ. ಹುಟ್ಟಿದ ಊರು, ಹೆತ್ತವರು, ಮಡದಿ ಮಕ್ಕಳು ಇವೊಂದೂ ಬಾರದ ಚರಿತ್ರೆ ಅದು. ದುಡಿಮೆಯ ದಾರಿಯೊಂದೇ ಅದರ ವಸ್ತು. ಆ ದಾರಿಯನ್ನು ನೋಡಿದಷ್ಟೂ ಇದು ಗಾಳಿ ಬೀಸಿದತ್ತ ತೂರಿಹೋದ ಬದುಕಲ್ಲವೆಂಬ ನಂಬಿಕೆ ನನ್ನಲ್ಲಿ ಬಲಿಯುತ್ತ ಬಂದಿದೆ.

ಅವನ ಆರಂಭವನ್ನು ವಿದ್ವಾಂಸರು ತರೀಕೆರೆಯ ಬಳಿಯ ಅಮೃತಾಪುರದಲ್ಲಿ ಗುರುತಿಸುತ್ತಾರೆ. ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು ಅಲ್ಲಿ 1196ರಲ್ಲಿ ಅಮೃತೇಶ್ವರ ದೇವಾಲಯವನ್ನು ಕಟ್ಟಿಸಿದನು. ಮಲ್ಲಿತಮ್ಮನಿಗೆ ಅಲ್ಲಿ ದೊರೆತದ್ದು ಹೊರಗೋಡೆಯ ದೇವತೆಗಳ ಕೆಲಸವಲ್ಲ, ಮಂಟಪದ ಭುವನೇಶ್ವರಿಗಳ ಕೆಲಸ. ನೋಡುವವರು ಕತ್ತು ನೋಯುವಂತೆ ಮೇಲೆತ್ತದೆ ಕಾಣದ, ಅರೆಗತ್ತಲಲ್ಲಿ ಮರೆಯಾಗುವ ಕೆಲಸ! ಆದರೆ ಕಲಿಯುವವನಿಗೆ ಇದಕ್ಕಿಂತ ಕಟ್ಟುನಿಟ್ಟಾದ ಗುರುಕುಲ ಇನ್ನೊಂದಿರಲಾರದು. ಚೌಕದ ನಾಲ್ಕು ಮೂಲೆಗಳಿಗೆ ಕಲ್ಲನ್ನು ಅಡ್ಡವಿಟ್ಟು ಎಂಟು ಮೂಲೆ ಮಾಡಬೇಕು. ಅದರ ಮೇಲೆ ಬಳೆಯೊಳಗೆ ಬಳೆಯಂತೆ ಸುತ್ತುಗಳನ್ನು ಕಿರಿದಾಗಿಸುತ್ತ ಹೋಗಿ ನಡುವೆ ತೂಗುವ ಮೊಗ್ಗನ್ನು ಕೂರಿಸಬೇಕು. ಎಲ್ಲವನ್ನೂ ಬಿಡಿಬಿಡಿಯಾಗಿ ಕಡೆದು ಮೇಲೇರಿಸಬೇಕು. ಒಂದು ಬೆರಳು ಅಳತೆ ತಪ್ಪಿದರೆ ಮೇಲಿನ ಸುತ್ತು ಕೂರುವುದಿಲ್ಲ. ಮುಂದಿನ ಕಲ್ಲನ್ನು ಮನಸ್ಸಿನಲ್ಲಿಟ್ಟುಕೊಂಡಲ್ಲದೆ ಇಂದಿನ ಕಲ್ಲಿಗೆ ಉಳಿ ತಾಗಿಸುವಂತಿಲ್ಲ. ಹದಿಹರೆಯದವನೊಬ್ಬನಿಗೆ ಈ ಅಭ್ಯಾಸ ಕೈಗೆ ಮಾತ್ರ ಹತ್ತಿತೆಂದು ನಾನು ಎಣಿಸಲಾರೆ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ಅದೇ ಗುಡಿಯ ಶಿಲಾಶಾಸನವನ್ನು ರಚಿಸಿದವನು ಕವಿ ಜನ್ನ. ಆಗ ಅವನು ಇನ್ನೂ ಶಾಸನಕವಿ. ‘ಯಶೋಧರ ಚರಿತೆ’ ಹುಟ್ಟಿದ್ದು 1209ರಲ್ಲಿ. ಮುಂದೆ ಅವನು ಕವಿಚಕ್ರವರ್ತಿಯಾದನು. ತನ್ನ ಕುಲ, ಗುರು, ದೊರೆಯ ಮನ್ನಣೆ ಎಲ್ಲವನ್ನೂ ಕಾವ್ಯದಲ್ಲಿ ಹೇಳಿಕೊಳ್ಳುವ ಅವಕಾಶ ಕವಿಗಿತ್ತು. ಒಂದೇ ಗುಡಿಯಲ್ಲಿ ಮೊದಲ ಹೆಜ್ಜೆಗಳನ್ನಿಟ್ಟ ಇಬ್ಬರಲ್ಲಿ ಒಬ್ಬನು ತನ್ನ ವಿಚಾರವನ್ನು ತಾನೇ ಬರೆದಿಟ್ಟನು. ಇನ್ನೊಬ್ಬನ ವಿಚಾರವನ್ನು ನಾವು ಅವನ ಕಲ್ಲುಗಳಿಂದ ಊಹಿಸಬೇಕಾಗಿದೆ.

ಅಮೃತಾಪುರದ ಬಳಿಕ ದಶಕಗಳ ಕಾಲ ದಾರಿ ಮಂಕಾಗುತ್ತದೆ. ಈ ನಡುವೆ ವೀರಬಲ್ಲಾಳನು 1220ರಲ್ಲಿ ತೀರಿಕೊಂಡನು, ಇಮ್ಮಡಿ ನರಸಿಂಹನು ಹದಿನೈದು ವರ್ಷ ಆಳಿದನು, 1235ರ ಹೊತ್ತಿಗೆ ಸೋಮೇಶ್ವರನು ಪಟ್ಟಕ್ಕೆ ಬಂದನು. ಹೊಯ್ಸಳರ ದೃಷ್ಟಿ ತಮಿಳುನಾಡಿನತ್ತ ಹರಿದಿತ್ತು. ಸೋಮೇಶ್ವರನು ಶ್ರೀರಂಗದ ಬಳಿಯ ಕಣ್ಣಾನೂರಿನಲ್ಲಿಯೇ ನೆಲೆಯೂರಿದನು. ದೊರೆ ದೂರವಾದಾಗ ಗುಡಿ ಕಟ್ಟಿಸುವ ಹೊಣೆ ದಂಡನಾಯಕರಿಗೂ ಹೆಗ್ಗಡೆಗಳಿಗೂ ಬಂದಿತು. ಹಾರನಹಳ್ಳಿ, ನುಗ್ಗೇಹಳ್ಳಿ, ಜಾವಗಲ್ಲು, ಹೊಸಹೊಳಲು ಇಂಥ ಊರುಗಳಲ್ಲಿ ಗುಡಿಗಳೆದ್ದ ಕಾಲ ಇದು. ರಾಜಧಾನಿಯ ಒಂದೇ ಮಹಾದೇವಾಲಯವನ್ನು ನೆಚ್ಚಿ ಬಾಳು ಕಳೆಯುವ ಸ್ಥಿತಿ ಶಿಲ್ಪಿಗಿರಲಿಲ್ಲ. ಒಂದು ಕೆಲಸ ಮುಗಿಯುವ ಮುನ್ನವೇ ಮುಂದಿನದು ಎಲ್ಲಿ, ಯಾರ ಆಶ್ರಯದಲ್ಲಿ ಎಂಬುದನ್ನು ಅರಿತಿರಬೇಕಾಗಿತ್ತು. ತನ್ನ ಹೆಸರು ತನಗಿಂತ ಮೊದಲು ಆ ಊರನ್ನು ತಲುಪಿರಬೇಕಾಗಿತ್ತು.

ಹೆಸರಿನ ವಿಚಾರವನ್ನೇ ತುಸು ಬೆಳೆಸಬೇಕು. ಬೇಲೂರಿನಲ್ಲಿ 1117ರ ಸುಮಾರಿಗೆ ದುಡಿದ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ವಿಗ್ರಹಗಳ ಕೆಳಗೆ ಊರು, ವಂಶ, ಬಿರುದುಗಳನ್ನು ಧಾರಾಳವಾಗಿ ಕೆತ್ತಿಕೊಂಡರು. ಪ್ರತಿಸ್ಪರ್ಧಿಗಳನ್ನು ಹಣಿಯುವ ಬಿರುದುಗಳು ಅವು. ಓದಿದರೆ ಕಲಾವಿದರ ಗೋಷ್ಠಿಗಿಂತ ಕುಸ್ತಿಯ ಅಖಾಡ ಕಣ್ಣಿಗೆ ಕಟ್ಟುತ್ತದೆ. ಮಲ್ಲಿತಮ್ಮನ ಪದ್ಧತಿಯೇ ಬೇರೆ. ಅವನು ತನ್ನ ಹೆಸರನ್ನಷ್ಟೆ ಕೊರೆದನು. ಎಷ್ಟೋ ಕಡೆ ಅದನ್ನೂ ಮೊಟಕುಗೊಳಿಸಿ ಮಲ್ಲಿ ಎಂದನು, ಒಮ್ಮೊಮ್ಮೆ ಮ ಎಂಬ ಒಂದಕ್ಷರಕ್ಕೇ ಇಳಿಸಿದನು. ಕೂಲಿಯ ಲೆಕ್ಕಕ್ಕಾಗಿ ಹಾಕಿದ ಗುರುತು ಇದೆಂದು ಕೆಲವರು ಹೇಳಬಹುದು. ಹಾಗೇ ಇದ್ದರೂ ನನ್ನ ಗೌರವ ಕಡಿಮೆಯಾಗದು. ಮಾಡಿದ ಪ್ರತಿಯೊಂದು ಕೆಲಸಕ್ಕೂ ಇದು ನನ್ನದೆಂದು ಹೊಣೆ ಹೊರುವುದನ್ನು ಅವನು ಒಂದು ವ್ರತದಂತೆ ನಡೆಸಿದನು. ಚೆನ್ನಾಗಿ ಬಂದುದರ ಕೆಳಗೂ ಆ ಹೆಸರಿದೆ, ಸಾಧಾರಣವಾದುದರ ಕೆಳಗೂ ಇದೆ.

ನುಗ್ಗೇಹಳ್ಳಿಗೆ ಬಂದಾಗ ಈ ಚರಿತ್ರೆಗೆ ಬೆಳಕು ಬೀಳುತ್ತದೆ. ಚನ್ನರಾಯಪಟ್ಟಣದ ಸೀಮೆಯ ಈ ಊರಿನಲ್ಲಿ ಬೊಮ್ಮಣ್ಣ ದಂಡನಾಯಕನು 1246ರಲ್ಲಿ ಲಕ್ಷ್ಮೀನರಸಿಂಹ ದೇವಾಲಯವನ್ನು ಕಟ್ಟಿಸಿದನು. ಅಲ್ಲಿ ಇಬ್ಬರು ಹಿರಿಯ ಶಿಲ್ಪಿಗಳಿಗೆ ಗೋಡೆಗಳು ಹಂಚಿಕೆಯಾದವು: ತೆಂಕಣ ಭಾಗ ನಂದಿಯ ಬೈಚೋಜನಿಗೆ, ಬಡಗಣ ಭಾಗ ಮಲ್ಲಿತಮ್ಮನಿಗೆ. ಒಂದೇ ಗುಡಿ, ಒಂದೇ ಬಳಪದ ಕಲ್ಲು, ಒಂದೇ ಕಾಲ, ಕೈಗಳು ಎರಡು. ಕಲೆಯ ವಿದ್ಯಾರ್ಥಿಗೆ ಇಂಥ ಪಾಠಶಾಲೆ ಕರ್ಣಾಟಕದಲ್ಲಿ ಬೇರೆ ಕಡೆ ಸುಲಭವಾಗಿ ಸಿಗದು. ಬೈಚೋಜನ ವಿಗ್ರಹಗಳಲ್ಲಿ ಗಾಂಭೀರ್ಯವಿದೆ, ನಯವಿದೆ, ಒಡವೆಯ ಅಂಚು ಕೂಡ ದೋಷವಿಲ್ಲದೆ ಮುಗಿದಿದೆ. ಅಲ್ಲಿಂದ ಸುತ್ತಿ ಬಡಗಣ ಗೋಡೆಗೆ ಬಂದರೆ ಮೊದಲ ನೋಟಕ್ಕೆ ಸ್ವಲ್ಪ ನಿರಾಸೆಯೇ ಆದೀತು. ಮಲ್ಲಿತಮ್ಮನ ಕೆತ್ತನೆಯಲ್ಲಿ ಅಷ್ಟು ನಯವಿಲ್ಲ. ಆದರೆ ಎರಡು ಗಳಿಗೆ ನಿಂತು ನೋಡಿ: ಆ ದೇವತೆಗಳು ಹೆಚ್ಚು ಬದುಕಿದ್ದಾರೆ, ಮೈಯ ಬಾಗಿನಲ್ಲಿ, ಹೆಜ್ಜೆಯ ಒತ್ತಿನಲ್ಲಿ ಒಂದು ಚುರುಕಿದೆ.

ನನಗೆ ಸೋಜಿಗವೆನಿಸುವುದು ಮುಂದಿನ ಸಂಗತಿ. ಎದುರು ಗೋಡೆಯಲ್ಲಿ ತನಗಿಂತ ನಯಗಾರನಾದವನು ದುಡಿಯುತ್ತಿರುವಾಗ, ನೋಡಿದವರೆಲ್ಲ ಹೋಲಿಸಿ ಮಾತಾಡುತ್ತಿದ್ದಿರಬೇಕಾದಾಗ, ಮಲ್ಲಿತಮ್ಮನು ಬೈಚೋಜನ ಅನುಕರಣೆಗೆ ಕೈ ಹಾಕಲಿಲ್ಲ. ಆ ಹೊತ್ತಿಗೆ ಅವನು ಎಳೆಯನೇನೂ ಅಲ್ಲ. ಅಮೃತಾಪುರದಿಂದ ಎಣಿಸಿದರೆ ಐವತ್ತು ವರ್ಷದ ದುಡಿಮೆ ಬೆನ್ನಿಗಿತ್ತು. ತನ್ನ ಕೈಗೆ ಏನು ಒಗ್ಗುತ್ತದೆ, ಏನು ಒಗ್ಗುವುದಿಲ್ಲ ಎಂಬುದನ್ನು ಅವನು ತಿಳಿದಿದ್ದನೆಂದೇ ನನ್ನ ಅಭಿಪ್ರಾಯ. ಬಹಳ ವರ್ಷ ಪಾಠ ಹೇಳಿದ ನಾನು ಎಷ್ಟೋ ಮಂದಿ ಜಾಣ ವಿದ್ಯಾರ್ಥಿಗಳನ್ನು ಕಂಡಿದ್ದೇನೆ. ಮೊದಲು ಸಿಕ್ಕ ಬಸ್ಸನ್ನು ಹತ್ತಿ, ಅದು ಹೋಗಿ ನಿಂತ ಊರನ್ನೇ ತಮ್ಮ ಊರೆಂದುಕೊಂಡವರು ಅವರಲ್ಲಿ ಅನೇಕರು. ನೆರೆಮನೆಯವನು ಯಾವ ಉದ್ಯೋಗ ಹಿಡಿದನೆಂಬುದೇ ಅವರಿಗೆ ದಿಕ್ಸೂಚಿ. ಅವರನ್ನು ನಾನು ಹಳಿಯುತ್ತಿಲ್ಲ. ಹೊಟ್ಟೆಪಾಡು ದೊಡ್ಡದು, ಮಲ್ಲಿತಮ್ಮನಿಗೂ ಅದು ಇದ್ದೇ ಇತ್ತು. ಮುಂದಿನ ಅರುವತ್ತು ವರ್ಷಗಳ ನಕ್ಷೆ ಬರೆದಿಟ್ಟುಕೊಂಡು ಅವನು ಮನೆಯಿಂದ ಹೊರಟಿರಲೂ ಇಲ್ಲ. ಯಾವ ಊರಿಗೆ ಕರೆ ಬಂದೀತೆಂಬುದು ಅವನ ಕೈಯಲ್ಲಿರಲಿಲ್ಲ. ಹೋದ ಊರಿನಲ್ಲಿ ಯಾವ ಕೆಲಸವನ್ನು ಹೇಗೆ ಮಾಡಿ ಯಾವ ಹೆಸರನ್ನು ಬಿಟ್ಟುಬರಬೇಕೆಂಬುದು ಇತ್ತು.

ಜಾವಗಲ್ಲಿನ ಗುಡಿಯೂ ಸೋಮೇಶ್ವರನ ಕಾಲದ್ದೇ, 13ನೆಯ ಶತಮಾನದ ನಡುಭಾಗದ್ದು. ಹಳೇಬೀಡಿಗೆ ಇದು ಒಂದು ಹಗಲ ನಡಿಗೆಯ ಒಳಗಿನ ದಾರಿ. ಮೂರು ಗರ್ಭಗುಡಿಗಳ ತ್ರಿಕೂಟ. ಶಿಖರವಿರುವುದು ನಡುವಿನದಕ್ಕೆ ಮಾತ್ರ. ಬುಡದ ಪಟ್ಟಿಕೆಗಳಲ್ಲಿ ಆನೆ, ಕುದುರೆ, ಬಳ್ಳಿ, ಪುರಾಣ ಕಥೆ, ಮಕರ, ಹಂಸ ಒಂದರ ಮೇಲೊಂದು ಸಾಗುತ್ತವೆ. ಅವುಗಳ ಮೇಲೆ ದೇವತೆಗಳ ಸಾಲು. ಇಲ್ಲಿ ಮಲ್ಲಿತಮ್ಮನ ಹೆಸರಿನ ಜತೆಗೆ ಚಿಕ್ಕಮಲ್ಲಿತಮ್ಮ ಎಂಬ ಇನ್ನೊಂದು ಹೆಸರು ಕಾಣುತ್ತದೆ. ಆ ಚಿಕ್ಕ ಎಂಬ ವಿಶೇಷಣದ ಮೇಲೆ ನನ್ನ ಮನಸ್ಸು ಬಹಳ ಹೊತ್ತು ನಿಲ್ಲುತ್ತದೆ. ಹಿರಿಯನೊಬ್ಬನ ಹೆಸರು ಅಷ್ಟು ಮೂಡಿನಿಂತ ಮೇಲಲ್ಲವೆ, ಅದೇ ಹೆಸರಿನ ಕಿರಿಯನು ತನ್ನನ್ನು ಬೇರೆಯಾಗಿ ಗುರುತಿಸಿಕೊಳ್ಳಬೇಕಾದದ್ದು? ಮಗನೋ, ಮೊಮ್ಮಗನೋ, ಶಿಷ್ಯನೋ, ಅವನು ಹಿರಿಯನ ಹೆಸರಿನ ಮರೆಯಲ್ಲಿ ತನ್ನ ಕೆಲಸವನ್ನು ಸೇರಿಸಿಬಿಡಲಿಲ್ಲ.

ಇಲ್ಲಿಂದ ಸೋಮನಾಥಪುರ. ಮುಮ್ಮಡಿ ನರಸಿಂಹನ ದಂಡನಾಯಕನಾದ ಸೋಮನಾಥನು ಅಲ್ಲಿಯ ಕೇಶವ ದೇವಾಲಯವನ್ನು 1258ರಲ್ಲಿ ಪ್ರತಿಷ್ಠೆ ಮಾಡಿಸಿದನು. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಆರ್. ನರಸಿಂಹಾಚಾರ್ಯರು 1917ರಲ್ಲಿ ಈ ಗುಡಿಯ ಮೇಲೆ ಒಂದು ಗ್ರಂಥವನ್ನು ಪ್ರಕಟಿಸಿ, ಗೋಡೆಯ ವಿಗ್ರಹಗಳನ್ನೂ ಅವುಗಳ ಕೆಳಗಿನ ಹೆಸರುಗಳನ್ನೂ ಎಣಿಸಿಟ್ಟರು. ದೊಡ್ಡ ವಿಗ್ರಹಗಳು 194. ಅವುಗಳಲ್ಲಿ 40 ಮಲ್ಲಿತಮ್ಮನವು. ಐದರಲ್ಲಿ ಒಂದು ಪಾಲಿಗೂ ತುಸು ಮಿಗಿಲು. ಬಾಲೆಯ, ಚೌಡೆಯ, ಮಸಣಿತಮ್ಮ, ನಂಜಯ ಮೊದಲಾದವರ ಹೆಸರುಗಳೂ ಅಲ್ಲಿವೆ. ಮಲ್ಲಿತಮ್ಮನಷ್ಟು ಕೆಲಸದ ಮೇಲೆ ಹೆಸರು ಬಿಟ್ಟವರು ಅವರಲ್ಲಿ ಯಾರೂ ಇಲ್ಲ. ಅಮೃತಾಪುರದಲ್ಲಿ ಕತ್ತಲ ಸೂರಿಗೆ ಕಲ್ಲು ಕಡೆದವನು ಇಲ್ಲಿ ಹಗಲ ಬೆಳಕಿನ ಹೊರಗೋಡೆಯ ಮುಖ್ಯ ರೂವಾರಿ.

ಈಗ ಒಂದು ತೊಡಕನ್ನು ಎದುರಿಸಬೇಕು. 1196ರಿಂದ 1258ಕ್ಕೆ ಅರುವತ್ತೆರಡು ವರ್ಷ. ಹದಿನಾರರಲ್ಲಿ ಉಳಿ ಹಿಡಿದನೆಂದರೂ ಸೋಮನಾಥಪುರದಲ್ಲಿ ಅವನಿಗೆ ಎಪ್ಪತ್ತೆಂಟು. ಆ ವಯಸ್ಸಿನಲ್ಲಿ 40 ವಿಗ್ರಹಗಳೆ? ಮಲ್ಲಿತಮ್ಮರು ಇಬ್ಬರಿದ್ದಿರಬೇಕೆಂಬ ಶಂಕೆ ಇದರಿಂದಲೇ ಏಳುತ್ತದೆ, ಅದು ತಳ್ಳಿಹಾಕತಕ್ಕದ್ದಲ್ಲ. ಬಳಪದ ಕಲ್ಲು ಗಣಿಯಿಂದ ಬಂದ ಹೊಸದರಲ್ಲಿ ಮೆದುವಾಗಿದ್ದು ಗಾಳಿ ಬಿಸಿಲಿಗೆ ಗಟ್ಟಿಯಾಗುವಂಥದು. ಮುದುಕನ ತೋಳಿಗೂ ಅದು ಮಣಿಯಬಹುದು. ಒರಟುಕೆಲಸವನ್ನು ಶಿಷ್ಯರು ಮಾಡಿ ಕಣ್ಣು, ಬೆರಳು, ಒಡವೆಗಳನ್ನಷ್ಟೇ ಗುರು ಮುಗಿಸಿರಬಹುದು. ಇಲ್ಲವೆ ನಿಜವಾಗಿಯೂ ಅಜ್ಜನ ಹೆಸರನ್ನು ಮೊಮ್ಮಗನು ಹೊತ್ತಿರಬಹುದು. ನಮ್ಮ ಮನೆಗಳಲ್ಲಿ ಅದು ಇಂದಿಗೂ ಇರುವ ವಾಡಿಕೆ. ನನ್ನ ಒಲವು ಒಬ್ಬನೇ ಎಂಬ ಕಡೆಗಿದೆ, ಹಟವೇನಿಲ್ಲ. ಇಬ್ಬರೇ ಆಗಿದ್ದ ಪಕ್ಷದಲ್ಲಿ, ಎರಡನೆಯವನು ತೊಡಲು ಬಯಸುವಂಥ ಹೆಸರನ್ನು ಮೊದಲನೆಯವನು ಕಟ್ಟಿಟ್ಟಿದ್ದನೆಂದಾಯಿತು.

ಅವನ ಸಾವಿಗೆ ಶಾಸನವಿಲ್ಲ. 1311ರಲ್ಲಿ ಮಲ್ಲಿಕ್ ಕಾಫರನ ಸೇನೆ ದೋರಸಮುದ್ರಕ್ಕೆ ಬಂದಿತು; ಆ ಶತಮಾನದ ನಡುವಿನೊಳಗೆ ಹೊಯ್ಸಳ ರಾಜ್ಯವೇ ಇಲ್ಲವಾಯಿತು, ಉಳಿಗಳಿಗೆ ಅಷ್ಟು ಕೆಲಸ ಕೊಡುವ ದಂಡನಾಯಕರೂ ಇಲ್ಲವಾದರು. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿದವು. ಅಲ್ಲಿಗೆ ಹೋಗುವ ಪ್ರವಾಸಿಗರಿಗೆ ಮಲ್ಲಿತಮ್ಮನ ಕೊನೆಯ ದಿನಗಳ ಕೆಲಸ ಕಾಣಸಿಗುತ್ತದೆ. ಅವನು ಕಲಿತದ್ದನ್ನೂ, ಬೈಚೋಜನ ಎದುರು ನಿಂತದ್ದನ್ನೂ, ಚಿಕ್ಕಮಲ್ಲಿತಮ್ಮನ ಜತೆಯಲ್ಲಿ ದುಡಿದದ್ದನ್ನೂ ನೋಡಬಯಸುವವರು ಅಮೃತಾಪುರಕ್ಕೂ ನುಗ್ಗೇಹಳ್ಳಿಗೂ ಜಾವಗಲ್ಲಿಗೂ ಬೇರೆಯಾಗಿಯೇ ಹೋಗಬೇಕು. ಜಾವಗಲ್ಲಿನಲ್ಲಿ ವಿಗ್ರಹಗಳ ಮುಖವನ್ನು ನೋಡಿಯಾದ ಮೇಲೆ ಪೀಠದ ಅಂಚನ್ನೂ ಬಗ್ಗಿ ನೋಡಬೇಕು, ಅಕ್ಷರಗಳು ಚಿಕ್ಕವು.